ವಾದ ಮಾಡುವ ವಯಸ್ಸಿಗೆ ಗ್ರೀಸ್

ಹದಿನಾಲ್ಕು, ಹದಿನೈದರ ಮಕ್ಕಳನ್ನು ಹಳೆಯ ಕಲ್ಲುಗಳ ಊರಿಗೆ ಕರೆದೊಯ್ಯುವುದೆಂದರೆ ಅಪ್ಪ ಅಮ್ಮಂದಿರಿಗೆ ಒಳಗೊಳಗೇ ಅಳುಕು. ಲಕ್ಷಗಟ್ಟಲೆ ಖರ್ಚು ಮಾಡಿ ಅಥೆನ್ಸ್ ತಲುಪಿದ ಮೇಲೆ ಮಗ ಇಯರ್‌ಫೋನ್ ಸಿಕ್ಕಿಸಿಕೊಂಡು ನೆರಳಲ್ಲಿ ಕೂತುಬಿಟ್ಟರೆ? ಇನ್ನೂ ಎಷ್ಟು ಕಂಬ ನೋಡಬೇಕು ಎಂದು ಮಗಳು ಮುಖ ಸಿಂಡರಿಸಿದರೆ? ಈ ಅಳುಕಿಗೆ ಸಾಮಾನ್ಯವಾಗಿ ಸಿಗುವ ಮದ್ದು ಎರಡು ದಿನ ಅಥೆನ್ಸ್, ಉಳಿದ ದಿನಗಳೆಲ್ಲ ಸ್ಯಾಂಟೊರಿನಿ, ಮಿಕೊನೊಸ್‌ಗಳ ಕಡಲತೀರ. ನಾನು ಇದನ್ನು ಒಪ್ಪುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಪ್ರಾಚೀನ ಗ್ರೀಸ್‌ನಷ್ಟು ಒಗ್ಗುವ ಜಾಗಗಳು ಕಡಿಮೆ. ಹೇಳಿದ್ದಕ್ಕೆಲ್ಲ ಎದುರು ಮಾತು ಹೂಡುವ ವಯಸ್ಸು ಅದು. ಅಲ್ಲಿನ ಒಂದೊಂದು ಜಾಗದಲ್ಲೂ ಇನ್ನೂ ತೀರ್ಮಾನವಾಗದ ಒಂದೊಂದು ವಾದವಿದೆ.

ಆದ್ದರಿಂದ ಪ್ರವಾಸದ ಯೋಜನೆ ಮಾಡುವಾಗ ಸ್ಥಳಗಳನ್ನು ಎಣಿಸಬೇಡಿ. ಒಂದು ಜಾಗಕ್ಕೆ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಪ್ರಶ್ನೆ ಇಲ್ಲದ ಜಾಗವನ್ನು, ಅದು ಎಷ್ಟೇ ಪ್ರಸಿದ್ಧವಾಗಿರಲಿ, ಪಟ್ಟಿಯಿಂದ ಕೈಬಿಡಿ.

ಹತ್ತು ಹನ್ನೊಂದು ದಿನ ಕೈಯಲ್ಲಿದ್ದರೆ ಸುತ್ತಿ ಬರುವ ಒಂದು ದಾರಿ ಚೆನ್ನಾಗಿದೆ. ಅಥೆನ್ಸ್‌ನಿಂದ ಹೊರಟು ಕೊರಿಂತ್ ಕಾಲುವೆ ದಾಟಿ ಪೆಲೊಪೊನೀಸ್‌ನ ನಾಫ್ಲಿಯೊ, ಅಲ್ಲಿಂದ ಒಲಿಂಪಿಯಾ, ಬಳಿಕ 2004ರಲ್ಲಿ ತೆರೆದ ರಿಯೊ–ಅಂತಿರಿಯೊ ಸೇತುವೆಯ ಮೇಲೆ ಕೊಲ್ಲಿ ದಾಟಿ ದೆಲ್ಫಿ, ಕೊನೆಗೆ ಮತ್ತೆ ಅಥೆನ್ಸ್. ಕಾರು ಬಾಡಿಗೆಗೆ ಪಡೆಯುವವರು ಹೊರಡುವ ಮೊದಲೇ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಓಡಿಸುವ ಮನಸ್ಸಿಲ್ಲದಿದ್ದರೆ ಅಥೆನ್ಸ್‌ನಿಂದ ನಾಫ್ಲಿಯೊಗೂ ದೆಲ್ಫಿಗೂ ನೇರ ಬಸ್ಸುಗಳಿವೆ. ಆಗ ಒಲಿಂಪಿಯಾವನ್ನು ಬಿಡಬೇಕಾಗಬಹುದು. ಕ್ರೀಟ್ ದ್ವೀಪದ ಕ್ನೊಸೊಸ್ ಅರಮನೆಯನ್ನು ಇದರಲ್ಲಿ ತುರುಕುವುದು ಬೇಡ. ಅದಕ್ಕೆ ಬೇರೆಯೇ ಒಂದು ವಾರ ಬೇಕು.

ಕಲ್ಲಿಗಿಂತ ಮೊದಲು ಚೂರು

ಅಥೆನ್ಸ್‌ನಲ್ಲಿ ಇಳಿದವರು ನೇರ ಆಕ್ರೊಪೊಲಿಸ್ ಹತ್ತುತ್ತಾರೆ. ಹದಿಹರೆಯದವರು ಜತೆಗಿದ್ದರೆ ಮೊದಲ ಬೆಳಗ್ಗೆ ಅದರ ಬುಡದಲ್ಲಿರುವ ಅಗೊರಾಕ್ಕೆ, ಹಳೆಯ ಪೇಟೆ ಬಯಲಿಗೆ, ಹೋಗಿ ಎನ್ನುತ್ತೇನೆ. ಅಲ್ಲಿ ಅತ್ತಾಲೊಸ್ ಎಂಬ ದೊರೆಯ ಉದ್ದನೆಯ ಕಂಬಸಾಲೊಂದನ್ನು 1950ರ ದಶಕದಲ್ಲಿ ಮತ್ತೆ ಕಟ್ಟಿ, ಒಳಗೆ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿರುವ ಮಡಕೆ ಚೂರುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ.

ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ ವರ್ಷಕ್ಕೊಮ್ಮೆ ಜನರನ್ನು ಕೇಳುತ್ತಿದ್ದರು: ಈ ಸಲ ಯಾರನ್ನಾದರೂ ಊರಿಂದ ಹೊರಗೆ ಹಾಕಬೇಕೇ? ಹೌದು ಎಂದು ತೀರ್ಮಾನವಾದರೆ ಪ್ರತಿ ನಾಗರಿಕನೂ ಒಂದು ಮಡಕೆ ಚೂರಿನ ಮೇಲೆ ಹೆಸರು ಗೀಚಿ ಹಾಕುತ್ತಿದ್ದ. ಕನಿಷ್ಠ 6000 ಚೂರು ಬೀಳಬೇಕಿತ್ತು ಎನ್ನುತ್ತಾರೆ. ಹೆಚ್ಚು ಚೂರು ಯಾರ ಹೆಸರಿಗೋ ಅವನು ಹತ್ತು ವರ್ಷ ಊರು ಬಿಡಬೇಕು. ಅಪರಾಧ ಸಾಬೀತಾಗಬೇಕೆಂದಿಲ್ಲ, ವಿಚಾರಣೆಯೂ ಇಲ್ಲ. ಕ್ರಿ.ಪೂ. 480ರಲ್ಲಿ ಸಾಲಮಿಸ್ ಕಡಲ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿ ಊರನ್ನು ಉಳಿಸಿದ ಥೆಮಿಸ್ಟೊಕ್ಲಿಸ್‌ನೂ ಹೀಗೆಯೇ ಹೊರಬಿದ್ದ. ಅವನ ಹೆಸರಿರುವ 190 ಚೂರುಗಳು ಆಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಒಂದು ಬಾವಿಯಲ್ಲಿ ಒಟ್ಟಿಗೆ ಸಿಕ್ಕವು. ಬರಹ ಪರೀಕ್ಷಿಸಿದಾಗ ಅವನ್ನೆಲ್ಲ ಬರೆದದ್ದು ಹದಿನಾಲ್ಕು ಕೈಗಳು ಮಾತ್ರ ಎಂದು ತಿಳಿಯಿತು. ಯಾರೋ ಮೊದಲೇ ರಾಶಿ ರಾಶಿ ಬರೆದು ಹಂಚಲು ಸಿದ್ಧಮಾಡಿ ಇಟ್ಟಿದ್ದರು.

ದಿನವಿಡೀ ಇನ್‌ಸ್ಟಾಗ್ರಾಂ ನೋಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಪುಗೂಡಿ ಒಬ್ಬರನ್ನು ಹೊರದಬ್ಬುವುದು ಎಂದರೇನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಚೂರುಗಳ ಪಕ್ಕದಲ್ಲೇ ಒಂದು ಕಲ್ಲು ಇದೆ. ಅದರ ತುಂಬ ಸಾಲು ಸಾಲಾಗಿ ಸಣ್ಣ ಸೀಳುಗಳು. ನಾಗರಿಕರ ಹೆಸರಿನ ಬಿಲ್ಲೆಗಳನ್ನು ಅದರಲ್ಲಿ ಸಿಕ್ಕಿಸಿ, ಕಪ್ಪು ಬಿಳಿ ಗುಂಡುಗಳನ್ನು ಉರುಳಿಸಿ, ಆ ದಿನದ ನ್ಯಾಯಪಂಚರನ್ನು ಲಾಟರಿಯಲ್ಲಿ ಆರಿಸುತ್ತಿದ್ದರು. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ವಿಷ ಕುಡಿಯುವ ಶಿಕ್ಷೆ ವಿಧಿಸಿದ್ದು ಚೀಟಿ ಎತ್ತಿ ಆರಿಸಿದ ಇಂಥ ಸಾಮಾನ್ಯ ಜನರೇ. ಚುನಾವಣೆಗಿಂತ ಲಾಟರಿ ನ್ಯಾಯವೇ? ಬಹುಮತ ಕೊಂದರೆ ಅದು ಕೊಲೆಯಲ್ಲವೇ? ಹೆಂಗಸರಿಗೂ ಗುಲಾಮರಿಗೂ ಮತವೇ ಇಲ್ಲದ ಊರನ್ನು ಪ್ರಜಾಪ್ರಭುತ್ವದ ತವರು ಎನ್ನುವುದೇಕೆ? ಮೂರನೆಯ ಪ್ರಶ್ನೆಯನ್ನು ಮಗಳೇ ಎತ್ತುತ್ತಾಳೆ, ನೋಡುತ್ತಿರಿ. ಉತ್ತರ ಕೊಡುವ ಆತುರ ಬೇಡ.

ಅರ್ಧ ಅಲ್ಲಿ, ಅರ್ಧ ಇಲ್ಲಿ

ಮರುದಿನ ಆಕ್ರೊಪೊಲಿಸ್. ಗೊತ್ತುಪಡಿಸಿದ ವೇಳೆಯ ಟಿಕೆಟ್ಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಬೆಳಗ್ಗೆ ಎಂಟರದ್ದೇ ಇರಲಿ. ದಕ್ಷಿಣ ಇಳಿಜಾರಿನ ಕಡೆಯ ಬಾಗಿಲಿನಿಂದ ಹೊಕ್ಕರೆ ಮೊದಲು ಸಿಗುವುದು ಡಯೊನೈಸಸ್ ರಂಗಮಂದಿರ. ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡಿಸ್ ಎಂಬ ಮೂವರು ಮಹಾನ್ ದುರಂತ ನಾಟಕಕಾರರ ಕೃತಿಗಳು ಮೊದಲು ಜನರ ಮುಂದೆ ಬಂದದ್ದು ಇಲ್ಲಿ.

ಕನ್ನಡದ ಮನೆಗಳಿಗೆ ಇಲ್ಲೊಂದು ನಿಜವಾದ ನಂಟಿದೆ. ಸೊಫೊಕ್ಲಿಸ್‌ನ 'ಅಜಾಕ್ಸ್' ನಾಟಕವನ್ನು ಬಿ.ಎಂ.ಶ್ರೀ ಮಹಾಭಾರತದ ಕಥೆಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಈಸ್ಕಿಲಸ್‌ನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಪ್ರಯಾಣಕ್ಕೆ ಮುಂಚೆ ಮನೆಯಲ್ಲಿ ಓದಲು ಇದಕ್ಕಿಂತ ತಕ್ಕ ಪುಸ್ತಕ ನನಗೆ ಹೊಳೆಯುವುದಿಲ್ಲ. ಪರ್ಷಿಯನ್ನರು ಅಥೆನ್ಸ್‌ಗೆ ಬೆಂಕಿ ಇಟ್ಟ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಅದೇ ಸುಟ್ಟ ಊರಿನ ಜನರ ಮುಂದೆ ಈ ನಾಟಕ ಆಡಿದರು. ಅದರಲ್ಲಿ ಅಳುವವರೆಲ್ಲ ಶತ್ರುಗಳು. ನಾಟಕ ನಡೆಯುವುದೇ ಪರ್ಷಿಯದ ರಾಜಧಾನಿಯಲ್ಲಿ. ಗೆದ್ದವರು ಸೋತವರ ತಾಯಂದಿರ ಸಂಕಟ ನೋಡಲು ಕೂತಿದ್ದರು. ಯುದ್ಧದ ಸುದ್ದಿಯನ್ನು ಟಿವಿಯಲ್ಲಿ ಅಬ್ಬರದಲ್ಲೇ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ತೋರಿಸಲೇಬೇಕು ಎಂದು ನನಗೆ ಅನಿಸುತ್ತದೆ.

ಮೇಲೆ ಪಾರ್ಥೆನಾನ್. ಕ್ರಿ.ಪೂ. 447ರಿಂದ 432ರವರೆಗೆ ಕಟ್ಟಿದ್ದು. ದೇವಾಲಯ, ಇಗರ್ಜಿ, ಮಸೀದಿ ಎಲ್ಲವೂ ಆಗಿ, 1687ರಲ್ಲಿ ತುರ್ಕರ ಮದ್ದಿನ ಮನೆಯಾಗಿದ್ದಾಗ ವೆನಿಸ್ ಸೈನ್ಯದ ಗುಂಡು ಬಿದ್ದು ಒಡೆದುಹೋಯಿತು. ಉಳಿದದ್ದರಲ್ಲಿ ಸುಮಾರು ಅರ್ಧದಷ್ಟು ಶಿಲ್ಪಗಳನ್ನು 1801ರಿಂದಾಚೆಗೆ ಬ್ರಿಟಿಷ್ ರಾಯಭಾರಿ ಎಲ್ಗಿನ್ ಕಿತ್ತು ಸಾಗಿಸಿದ. 1816ರಲ್ಲಿ ಬ್ರಿಟನ್ನಿನ ಸಂಸತ್ತು ಅವನ್ನು ಕೊಂಡಿತು. ಕೆಳಗೆ, 2009ರಲ್ಲಿ ತೆರೆದ ಆಕ್ರೊಪೊಲಿಸ್ ಮ್ಯೂಸಿಯಂನ ಗಾಜಿನ ಮೇಲಂತಸ್ತಿನಲ್ಲಿ ಈ ಶಿಲ್ಪಪಟ್ಟಿಯನ್ನು ಮೂಲ ಕಟ್ಟಡದ ಅಳತೆ, ದಿಕ್ಕುಗಳಲ್ಲೇ ಜೋಡಿಸಿದ್ದಾರೆ. ಅಥೆನ್ಸ್‌ನಲ್ಲಿ ಉಳಿದವು ಜೇನುಬಣ್ಣ. ಲಂಡನ್ನಿನಲ್ಲಿರುವವುಗಳ ಜಾಗದಲ್ಲಿ ಬಿಳಿ ಪ್ಲಾಸ್ಟರಿನ ಅಚ್ಚುಗಳು.

ಮನೆಮಂದಿಯಲ್ಲಿ ಒಬ್ಬರು ಗ್ರೀಸ್ ಪರ, ಒಬ್ಬರು ಬ್ರಿಟಿಷ್ ಮ್ಯೂಸಿಯಂ ಪರ ಮಾತಾಡಲಿ. ಎಲ್ಗಿನ್‌ಗೆ ಸಿಕ್ಕಿತೆನ್ನುವ ತುರ್ಕಿ ಅನುಮತಿಯ ಮೂಲ ಪತ್ರ ಇಲ್ಲ, ಇಟಾಲಿಯನ್ ಅನುವಾದ ಮಾತ್ರ ಇದೆ. ಅನುಮತಿ ಕೊಟ್ಟವರು ಆಗ ಗ್ರೀಸನ್ನು ಆಳುತ್ತಿದ್ದ ಹೊರಗಿನವರು. ಆಚೆ ಕಡೆಯವರಿಗೂ ವಾದವಿದೆ: ಅಂದಿನ ಸರ್ಕಾರ ಅದೇ ತಾನೆ, ಮತ್ತು 1963ರ ಕಾನೂನಿನ ಪ್ರಕಾರ ಮ್ಯೂಸಿಯಂ ತನ್ನ ಸಂಗ್ರಹವನ್ನು ಸುಲಭಕ್ಕೆ ಬಿಟ್ಟುಕೊಡುವಂತಿಲ್ಲ. ನಮ್ಮ ಅಮರಾವತಿ ಸ್ತೂಪದ ಶಿಲ್ಪಗಳೂ ಅದೇ ಮ್ಯೂಸಿಯಂನಲ್ಲಿವೆ ಎಂದು ಮಾತಿನ ನಡುವೆ ಹೇಳಿ. ಚರ್ಚೆಯ ಬಿಸಿ ಏರುತ್ತದೆ.

ಹೊತ್ತು, ಹೊಟ್ಟೆ, ಕಾಗದಪತ್ರ

ನಮ್ಮ ಶಾಲೆಗಳ ಬೇಸಿಗೆ ರಜೆ ಮತ್ತು ದಸರಾ ರಜೆ, ಎರಡೂ ಗ್ರೀಸ್‌ಗೆ ಹೇಳಿಮಾಡಿಸಿದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲುಗಳ ನಡುವೆ ಗಸಗಸೆ ಹೂವು. ಅಕ್ಟೋಬರ್‌ನಲ್ಲಿ ಹದವಾದ ಬಿಸಿಲು. ಜುಲೈ, ಆಗಸ್ಟ್ ಬೇಡ. ಬಿಸಿಗಾಳಿಯ ದಿನಗಳಲ್ಲಿ ಆಕ್ರೊಪೊಲಿಸನ್ನೇ ಮಧ್ಯಾಹ್ನದಿಂದ ಸಂಜೆ ಐದರವರೆಗೆ ಮುಚ್ಚಿದ್ದುಂಟು. ವಸಂತದಲ್ಲಿ ಹೋಗುವವರು ಆರ್ಥೊಡಾಕ್ಸ್ ಈಸ್ಟರ್ ಯಾವಾಗ ಎಂದು ನೋಡಿಕೊಳ್ಳಬೇಕು; 2027ರಲ್ಲಿ ಅದು ಮೇ 2. ಆ ಭಾನುವಾರವೂ ಮೇ 1ರಂದೂ ಪ್ರಾಚೀನ ಸ್ಥಳಗಳಿಗೆ ಬೀಗ. ಆದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ಸಸ್ಯಾಹಾರಿಗಳಿಗೆ ಸುಗ್ಗಿ. ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಊರೆಲ್ಲ ಸಿಗುತ್ತದೆ. ಉಳಿದ ಕಾಲದಲ್ಲೂ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ದೊಲ್ಮಾದೆಸ್, ಟೊಮೆಟೊ ಸಾರಿನಲ್ಲಿ ಬೇಯಿಸಿದ ದೊಡ್ಡ ಬೀನ್ಸ್ ಕಾಳು, ಹಳದಿ ಬೇಳೆ ನುಣ್ಣಗೆ ಅರೆದ ಫಾವಾ ಇವೆ. ಹಸಿದ ಹುಡುಗರಿಗೆ ರಸ್ತೆ ಬದಿಯ ಪಾಲಕ್ ಪಫ್ ಸಾಕು. ಕೆಲವೆಡೆ ಅನ್ನ ತುಂಬಿದ ತಿನಿಸಿನಲ್ಲಿ ಮಾಂಸವೂ ಇರುತ್ತದೆ, ಕೇಳಿ ತಿನ್ನಿ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಹನ್ನೆರಡು ತುಂಬಿದ ಮಕ್ಕಳಿಗೂ ದೊಡ್ಡವರಷ್ಟೇ 90 ಯೂರೊ ಶುಲ್ಕ, ಬೆರಳಚ್ಚು ಕೂಡ ಕೊಡಬೇಕು. ಹದಿನೆಂಟರ ಒಳಗಿನವರಿಗೆ ಅಪ್ಪ, ಅಮ್ಮ ಇಬ್ಬರ ಒಪ್ಪಿಗೆ ಸಹಿ ಬೇಕು. ಒಬ್ಬರೇ ಕರೆದೊಯ್ಯುವುದಾದರೆ ಇದನ್ನು ಮೊದಲೇ ಸಿದ್ಧಪಡಿಸಿ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು.

ಇಡೀ ಒಂದು ದಿನವನ್ನು ಮಕ್ಕಳ ಕೈಗೇ ಕೊಡಿ. ಟಿಕೆಟ್, ಬಸ್ಸು, ಊಟದ ಲೆಕ್ಕ ಎಲ್ಲ ಅವರದ್ದೇ. ಮೊಬೈಲ್ ಕಿತ್ತುಕೊಳ್ಳುವುದು ಬೇಡ. 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ' ಆಟ ಆಡಿದ ಹುಡುಗನಿಗೆ ಕ್ರಿ.ಪೂ. 431ರ ಅಥೆನ್ಸ್‌ನ ಓಣಿಗಳು ನಿಮಗಿಂತ ಪರಿಚಿತ. ಅವನೇ ಗೈಡ್ ಆಗಲಿ, ಆಟದಲ್ಲಿ ಇದ್ದದ್ದಕ್ಕೂ ಎದುರಿಗಿರುವುದಕ್ಕೂ ಏನು ವ್ಯತ್ಯಾಸ ಎಂದು ಹೇಳಲಿ. ಬೆಳಗಿನ ಎಂಟರ ಟಿಕೆಟ್ ಒಂದು ದಿನವಾದರೆ ಮರುದಿನ ಹತ್ತರವರೆಗೆ ನಿದ್ದೆ. ಈ ಒಪ್ಪಂದವನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ.

ಮೋಸಗಾರರ ಸಾಲು

ನಾಫ್ಲಿಯೊದಲ್ಲಿ ಎರಡು ಮೂರು ರಾತ್ರಿ ಉಳಿದರೆ ಮೈಸೀನಿ ಹತ್ತಿರ. ಅಲ್ಲಿನ, ಕ್ರಿ.ಪೂ. 1250ರ ಸುಮಾರಿನ ಸಿಂಹದ್ವಾರದ ಸಿಂಹಗಳಿಗೆ ಈಗ ತಲೆಯಿಲ್ಲ. ಅಲ್ಲೇ ಕೆಳಗಿನ ಜೇನುಗೂಡಿನಾಕಾರದ ಸಮಾಧಿಯ ಬಾಗಿಲ ಮೇಲಿನ ಒಂಟಿ ಕಲ್ಲು ಸುಮಾರು 120 ಟನ್. ಅದನ್ನು ಏರಿಸಿದ್ದು ಹೇಗೆ ಎಂದು ಮಕ್ಕಳೇ ಲೆಕ್ಕ ಹಾಕಲಿ. 1876ರಲ್ಲಿ ಹೈನ್‌ರಿಕ್ ಶ್ಲೀಮನ್ ಇಲ್ಲಿ ಅಗೆದು ಚಿನ್ನದ ಮುಖವಾಡವೊಂದನ್ನು ಹೊರತೆಗೆದ. ಟ್ರಾಯ್ ಯುದ್ಧದ ದೊರೆ ಅಗಮೆಮ್ನಾನನ ಮುಖವೇ ಸಿಕ್ಕಿತೆಂದು ಜಗತ್ತು ನಂಬಿತು. ಆ ಮುಖವಾಡ ಯುದ್ಧ ನಡೆಯಿತೆನ್ನುವ ಕಾಲಕ್ಕಿಂತ ಸುಮಾರು ಮೂರು ಶತಮಾನ ಹಳೆಯದು. ಆದರೂ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಅದನ್ನು ಇಂದಿಗೂ ಅಗಮೆಮ್ನಾನನ ಹೆಸರಿನಲ್ಲೇ ಕರೆಯುತ್ತಾರೆ. ಆದ್ದರಿಂದ ಮೊದಲು ಮೈಸೀನಿಯ ಗುಂಡಿ, ಆಮೇಲೆ ಅಥೆನ್ಸ್‌ನ ಚಿನ್ನ, ಈ ಕ್ರಮದಲ್ಲೇ ನೋಡುವುದು ಒಳ್ಳೆಯದು.

ಒಲಿಂಪಿಯಾ ತಲುಪಿದ ಮೇಲೆ ಮಕ್ಕಳು ಓಡಲಿ. ಸುಮಾರು 192 ಮೀಟರ್ ಓಟದ ಬಯಲು, ಓಟಗಾರರು ಕಾಲ್ಬೆರಳೂರಿದ ಗೀರುಗಳಿರುವ ಕಲ್ಲಿನ ಆರಂಭದ ಗೆರೆ ಇನ್ನೂ ಇವೆ. ಅದಕ್ಕಿಂತ ನನಗೆ ಇಷ್ಟವಾದದ್ದು ಬಯಲಿಗೆ ಹೋಗುವ ದಾರಿಯ ಬದಿಯ ಬರೀ ಪೀಠಗಳ ಸಾಲು. ಮೋಸ ಮಾಡಿ ಸಿಕ್ಕಿಬಿದ್ದ ಆಟಗಾರರ ದಂಡದ ಹಣದಲ್ಲಿ ಜ್ಯೂಸ್ ದೇವರ ಕಂಚಿನ ಪ್ರತಿಮೆಗಳನ್ನು ಮಾಡಿಸಿ ಇಲ್ಲಿ ನಿಲ್ಲಿಸುತ್ತಿದ್ದರು. ಮೊದಲಿನವು ಕ್ರಿ.ಪೂ. 388ರಲ್ಲಿ ಎದುರಾಳಿಗಳಿಗೆ ಲಂಚ ಕೊಟ್ಟ ಯೂಪೊಲಸ್ ಎಂಬ ಮುಷ್ಟಿಕಾಳಗದವನ ಪ್ರಕರಣದವು. ಪ್ರತಿ ಆಟಗಾರನೂ ಕಣಕ್ಕೆ ಇಳಿಯುವ ಮುನ್ನ ಇವುಗಳ ಪಕ್ಕದಲ್ಲೇ ನಡೆದುಹೋಗಬೇಕಿತ್ತು. ಕ್ರಿ.ಶ. 67ರಲ್ಲಿ ರಥದಿಂದ ಬಿದ್ದರೂ ಗೆದ್ದನೆಂದು ಘೋಷಿಸಿಕೊಂಡ ರೋಮ್ ದೊರೆ ನೀರೊಗೆ ಮಾತ್ರ ಇಲ್ಲಿ ಪೀಠವಿಲ್ಲ.

ದೆಲ್ಫಿಗೆ ಲಂಕೇಶರ 'ದೊರೆ ಈಡಿಪಸ್' ಜತೆಗಿರಲಿ. ಈಡಿಪಸ್‌ನ ಭವಿಷ್ಯ ನುಡಿದದ್ದು ಇಲ್ಲಿನ ಅಪೊಲೊ ಗುಡಿ. ಪೂಜಾರಿಣಿ ಪಿಥಿಯಾ ಮೈದುಂಬಿ ಮಾತಾಡುತ್ತಿದ್ದದ್ದು ನೆಲದ ಬಿರುಕಿನಿಂದ ಏಳುವ ಎಥಿಲೀನ್‌ನಂಥ ಅನಿಲದಿಂದ ಎಂದು 2001ರಲ್ಲಿ ಕೆಲವು ಭೂವಿಜ್ಞಾನಿಗಳು ವಾದಿಸಿದರು, ಬೇರೆಯವರು ಒಪ್ಪಲಿಲ್ಲ. ವಿಜ್ಞಾನ ಓದುವ ಮಕ್ಕಳಿಗೆ ಇದನ್ನು ಬಿಟ್ಟುಕೊಡಿ.

ಅಥೆನ್ಸ್‌ಗೆ ಮರಳಿದ ಮೇಲೆ ಮುಖವಾಡದ ಜತೆಗೆ ಅಂತಿಕಿಥೆರಾ ಯಂತ್ರವನ್ನು ಮರೆಯಬೇಡಿ. ಮುಳುಗಿದ ಹಡಗೊಂದರಿಂದ 1901ರಲ್ಲಿ ಮೇಲೆ ಬಂದ ಈ ಕಂಚಿನ ಹಲ್ಲುಗಾಲಿಗಳ ಗೊಂಚಲು ಗ್ರಹಣ ಯಾವಾಗ, ಒಲಿಂಪಿಕ್ ಕೂಟ ಯಾವ ವರ್ಷ ಎಂದು ತೋರಿಸುತ್ತಿತ್ತು. ಕೋಡಿಂಗ್ ಕಲಿಯುವ ಮಕ್ಕಳನ್ನು ಅದರ ಮುಂದಿನಿಂದ ಎಬ್ಬಿಸುವುದು ಕಷ್ಟ.

ಕೊನೆಯ ದಿನಕ್ಕೆ ಸೂನಿಯೊ. ಅಥೆನ್ಸ್‌ನಿಂದ ಸುಮಾರು 70 ಕಿಲೋಮೀಟರ್, ಕಡಲ ಬಂಡೆಯ ತುದಿಯಲ್ಲಿ ಪೊಸೈಡನ್ ಗುಡಿ. ಅದರ ಒಂದು ಕಂಬದಲ್ಲಿ ಕವಿ ಬೈರನ್‌ನ ಹೆಸರು ಕೆತ್ತಿದೆ. ಅವನೇ ಕೆತ್ತಿದ್ದು ಎಂಬ ಮಾತಿದೆ. ಪಾರ್ಥೆನಾನ್ ಶಿಲ್ಪ ಕಿತ್ತ ಎಲ್ಗಿನ್‌ನನ್ನು ತನ್ನ ಪದ್ಯಗಳಲ್ಲಿ ಕಟುವಾಗಿ ಜರೆದವನು ಅವನು. ಗ್ರೀಕರ ಸ್ವಾತಂತ್ರ್ಯ ಯುದ್ಧಕ್ಕೆಂದು ಹೋಗಿ 1824ರಲ್ಲಿ ಅಲ್ಲೇ ಸತ್ತ. ಹಂಪಿಯ ಗೋಡೆಗಳ ಮೇಲೆ ಹೆಸರು ಗೀಚುವವರನ್ನು ಬಯ್ಯುವ ನಾವು ಈ ಹೆಸರನ್ನು ಏನೆನ್ನಬೇಕು, ಅಳಿಸಬೇಕೋ ಕಾಪಾಡಬೇಕೋ? ವಾಪಸು ಬರುವ ಬಸ್ಸಿನಲ್ಲಿ ಕರಾವಳಿ ರಸ್ತೆಯ ಉದ್ದಕ್ಕೂ ಮಾತಾಡಲು ಇಷ್ಟು ಸಾಕು.