ಋತುಚಕ್ರವೂ ದಾಂಪತ್ಯದ ಒಲವೂ

ಒಂದು ವಾರ ಪತ್ನಿಯಲ್ಲಿ ಕಂಡ ಒಲವು ಮುಂದಿನ ವಾರ ಕಾಣದಿದ್ದರೆ ಪತಿಯು ಅದನ್ನು ಮುನಿಸೆಂದು ಬಗೆಯುವುದೂ, ತನ್ನಲ್ಲೇ ಏನೋ ಕೊರತೆಯಿದೆಯೆಂದು ಆಕೆ ಅಳುಕುವುದೂ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಈ ವಿಷಯವನ್ನು ಬಾಯಿಬಿಟ್ಟು ಆಡುವ ರೂಢಿ ನಮ್ಮಲ್ಲಿ ಕಡಿಮೆ. ಆದರೆ ಈ ಏರಿಳಿತದಲ್ಲಿ ಒಂದು ಪಾಲು ಶರೀರಧರ್ಮಕ್ಕೆ ಸೇರಿದ್ದು.

ಮುಟ್ಟಾದ ದಿನವೇ ಋತುಚಕ್ರದ ಮೊದಲ ದಿನ. ಅಂಡಾಶಯದಲ್ಲಿ ಅಂಡಾಣು ಬಲಿಯುತ್ತ ಬಂದಂತೆ ಈಸ್ಟ್ರೊಜೆನ್ ಎಂಬ ಹಾರ್ಮೋನು ರಕ್ತದಲ್ಲಿ ಏರಿ, ಅಂಡಾಣು ಹೊರಬೀಳುವ ಮುನ್ನ ಶಿಖರವನ್ನು ತಲುಪುತ್ತದೆ. ಅನಂತರದ ದಿನಗಳಲ್ಲಿ ಪ್ರೊಜೆಸ್ಟರಾನಿನ ಮೇಲುಗೈ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಎರಡೂ ಇಳಿದು ಮತ್ತೆ ಮುಟ್ಟು.

2013ರಲ್ಲಿ ಜೇಮ್ಸ್ ರೋನಿ ಮತ್ತು ಜಕಾರಿ ಸಿಮನ್ಸ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿನಿಯರ ಜೊಲ್ಲಿನಲ್ಲಿ ಹಾರ್ಮೋನುಗಳನ್ನು ಅಳೆದು, ಅವರು ದಿನದಿನವೂ ಬರೆದಿಟ್ಟ ಉತ್ತರಗಳೊಡನೆ ತಾಳೆ ನೋಡಿದರು. ಈಸ್ಟ್ರೊಜೆನ್ ಏರಿದ ಒಂದೆರಡು ದಿನಗಳಲ್ಲಿ ಆಸಕ್ತಿ ಹೆಚ್ಚಿತ್ತು. ಪ್ರೊಜೆಸ್ಟರಾನ್ ಏರಿದಾಗ ತಗ್ಗಿತ್ತು. ಪುರುಷ ಹಾರ್ಮೋನೆಂದು ಹೆಸರಾದ ಟೆಸ್ಟೊಸ್ಟಿರಾನಿಗೆ ಈ ಏರಿಳಿತದೊಡನೆ ಅಂಥ ಸಂಬಂಧ ಕಾಣಲಿಲ್ಲ. ಆಸ್ಟ್ರೇಲಿಯದಲ್ಲಿ ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಪರೀಕ್ಷಿಸಿದ 2005ರ ಅಧ್ಯಯನವೂ, ರಕ್ತದಲ್ಲಿನ ಯಾವುದೇ ಒಂದು ಪುರುಷ ಹಾರ್ಮೋನಿನ ಮಟ್ಟದಿಂದ ನಿರಾಸಕ್ತಿಯನ್ನು ಗುರುತಿಸಲಾಗದೆಂದಿತು. ಅದೊಂದನ್ನೇ ನಂಬಿ ರಕ್ತಪರೀಕ್ಷೆಗೆ ಹಣ ಸುರಿಯುವುದು ಲಾಭವಿಲ್ಲದ ಹೂಡಿಕೆ.

ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 68 ಸ್ತ್ರೀಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ವಾರಸ್ಯಕರ. ಅವರೆಲ್ಲರೂ ಟ್ಯೂಬೆಕ್ಟಮಿ ಮಾಡಿಸಿಕೊಂಡವರು ಇಲ್ಲವೇ ಗರ್ಭಕೋಶದಲ್ಲಿ ವಂಕಿ ಧರಿಸಿದವರು. ಗರ್ಭದ ಆಸೆಯೂ ಇಲ್ಲ, ಭಯವೂ ಇಲ್ಲ. ಆದರೂ ಗರ್ಭ ನಿಲ್ಲಬಲ್ಲ ಆರು ದಿನಗಳಲ್ಲಿ ಸಮಾಗಮ ಶೇ. 24ರಷ್ಟು ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಆಸಕ್ತಿ ಉಡುಗುತ್ತದೆಂಬ ಭೀತಿ ಹಲವರಲ್ಲಿದೆ. ಅದು ನಾಳಗಳನ್ನು ಮುಚ್ಚುತ್ತದೆಯೇ ಹೊರತು ಅಂಡಾಶಯವು ಹಾರ್ಮೋನು ಸ್ರವಿಸುವುದನ್ನು ನಿಲ್ಲಿಸುವುದಿಲ್ಲ.

ಬೆರಳೆಣಿಸಿ 'ಸೇಫ್ ಪೀರಿಯಡ್' ಪಾಲಿಸುವ ದಂಪತಿಗಳು ಇಲ್ಲಿ ಎಚ್ಚರ ವಹಿಸಬೇಕು. ಒಲವು ಏರುವ ದಿನಗಳೇ ಗರ್ಭ ನಿಲ್ಲುವ ದಿನಗಳೂ ಆಗಿರಬಹುದು. ಅಂಡಾಣು ಹೊರಬೀಳುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಂದಿನ ಮುಟ್ಟು ಎಂದೆಂಬುದು ಮೊದಲೇ ತಿಳಿಯದ್ದರಿಂದ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಹಾರ್ಮೋನಿನ ಪ್ರಭಾವ ಸಣ್ಣದು. ಮುಂಜಾನೆ ನೀರು ಹಿಡಿದು, ಡಬ್ಬಿ ಕಟ್ಟಿ, ಲೋಕಲ್ ರೈಲಿನಲ್ಲಿ ನಿಂತೇ ಕಚೇರಿಗೆ ಹೋಗಿಬರುವ ಮುಂಬಯಿಯ ಗೃಹಿಣಿಗೆ, ಅತ್ತೆ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ, ಈಸ್ಟ್ರೊಜೆನ್ ಏರಿದ ದಿನವೂ ನಿದ್ರೆಯೇ ಪ್ರಿಯವಾದರೆ ಆಶ್ಚರ್ಯವಿಲ್ಲ. ಆಕೆ ಬೇಡವೆಂದರೆ ಅದು ಬೇಡವೇ. ಚಕ್ರದ ದಿನ ಎಣಿಸಿ ವಾದಿಸುವ ಹಕ್ಕು ಪತಿಗಿಲ್ಲ.

ನಿರಾಸಕ್ತಿ ತಿಂಗಳುಗಟ್ಟಲೆ ಉಳಿದು ಆಕೆಯನ್ನೇ ಬಾಧಿಸಿದರೆ, ಸಮಾಗಮದಲ್ಲಿ ನೋವಿದ್ದರೆ, ಅಥವಾ ಹೊಸ ಔಷಧಿ ಆರಂಭಿಸಿದ ಮೇಲೆ ಬದಲಾವಣೆ ಕಂಡರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಕೆಲವು ತಿಂಗಳ ಮುಟ್ಟಿನ ದಿನಾಂಕಗಳನ್ನೂ, ಸೇವಿಸುತ್ತಿರುವ ಮಾತ್ರೆಗಳ ಹೆಸರುಗಳನ್ನೂ ಬರೆದು ಒಯ್ದರೆ ವೈದ್ಯರಿಗೆ ಅನುಕೂಲ.