ಹಳೆಯ ಓಎಸ್ ತೆಗೆಯುವ ಮುನ್ನ

ಕಾಲೇಜಿನ ಪ್ರಾಜೆಕ್ಟಿಗೆಂದು ವಿಂಡೋಸ್ ಪಕ್ಕದಲ್ಲಿ ಹಾಕಿಕೊಂಡ ಉಬುಂಟು ಲಿನಕ್ಸ್, ಕೋರ್ಸು ಮುಗಿದ ಮೇಲೂ 50 ಜಿಬಿ ಜಾಗ ಹಿಡಿದು ಕೂತಿರುತ್ತದೆ. ಡಿಸ್ಕ್ ತುಂಬಿದ ದಿನ ಅದರ ಮೇಲೆ ಕಣ್ಣು ಬೀಳುತ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಆ ಪಾರ್ಟಿಷನ್ ಅಳಿಸುವುದು ಕ್ಷಣದ ಕೆಲಸ. ಆದರೆ ಹಳೆಯ ಯಂತ್ರವಾದರೆ, ಮುಂದಿನ ಸಲ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಕಾಣಿಸುತ್ತದೆ. ವಿಂಡೋಸಿನ ಒಂದು ಫೈಲೂ ಹಾಳಾಗಿಲ್ಲ, ಆದರೂ ಅದು ಏಳುವುದಿಲ್ಲ. ಮನೆ ಖಾಲಿ ಮಾಡಿದ ಬಾಡಿಗೆದಾರ ಹೆಬ್ಬಾಗಿಲಿನ ಕೀಲಿಕೈಯನ್ನೂ ಒಯ್ದಂತಾಗಿದೆ.

ಹಳೆಯ ಬಯಾಸ್ ಯಂತ್ರಗಳಿಗೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಅವು ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು ಓದಿ ಅಲ್ಲಿರುವ ಪ್ರೋಗ್ರಾಮಿಗೆ ಚುಕ್ಕಾಣಿ ಕೊಟ್ಟುಬಿಡುತ್ತವೆ. ಇದು 1983ರ ಪಿಸಿ ಡಾಸ್ 2.0 ಕಾಲದ ಏರ್ಪಾಡು. ಅದರಲ್ಲಿ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ 64 ಬೈಟು, ಗುರುತಿಗೆ 2 ಹೋದರೆ ಪ್ರೋಗ್ರಾಮಿಗೆ ಉಳಿಯುವುದು 446. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಈ ಪ್ಯಾರಾವೇ ಅಲ್ಲಿ ಹಿಡಿಸದು. ಹಾಗಾಗಿ ಉಬುಂಟುವಿನ ಬೂಟ್‌ಲೋಡರ್ ಗ್ರಬ್ ತನ್ನ ತುಣುಕೊಂದನ್ನು ಇಲ್ಲಿಟ್ಟು, ಇನ್ನೊಂದನ್ನು ಮೊದಲ ಪಾರ್ಟಿಷನ್‌ಗೆ ಮುಂಚಿನ ಖಾಲಿ ಸೆಕ್ಟರುಗಳಲ್ಲಿ ತುರುಕುತ್ತದೆ. ಮೆನು ಮತ್ತು ಉಳಿದೆಲ್ಲ ಸರಂಜಾಮು ಇರುವುದು ಉಬುಂಟುವಿನ ಪಾರ್ಟಿಷನ್ನಿನಲ್ಲೇ. ಅದನ್ನು ಅಳಿಸಿದರೆ ಮೊದಲೆರಡು ತುಣುಕುಗಳು ಎಂದಿನಂತೆ ಓಡಿ, ಮುಂದಿನದನ್ನು ಹುಡುಕಿ, ಸಿಗದೆ ನಿಂತುಬಿಡುತ್ತವೆ.

ಹೀಗೆ ನಿಂತ ಯಂತ್ರಕ್ಕೆ ಮದ್ದಿದೆ: ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿ ಬೂಟ್‌ರೆಕ್ ಆಜ್ಞೆಯ ಫಿಕ್ಸ್‌ಎಂಬಿಆರ್ ಕೊಟ್ಟರೆ, ಪಾರ್ಟಿಷನ್ ಪಟ್ಟಿಗೆ ಕೈಹಾಕದೆ ಮೊದಲ ಸೆಕ್ಟರಿನ ಆ ಪುಟ್ಟ ಪ್ರೋಗ್ರಾಮನ್ನಷ್ಟೇ ಆ ಆಜ್ಞೆ ಬದಲಿಸುತ್ತದೆ.

ಈಚಿನ ಯುಇಎಫ್ಐ ಯಂತ್ರಗಳಲ್ಲಿ ಇಷ್ಟು ಇಕ್ಕಟ್ಟಿಲ್ಲ. ಇಎಫ್ಐ ಎಂಬ ಸಣ್ಣ ಪಾರ್ಟಿಷನ್ನಿನಲ್ಲಿ ಪ್ರತಿ ಓಎಸ್‌ಗೂ ಒಂದು ಫೋಲ್ಡರ್, ಮದರ್‌ಬೋರ್ಡಿನ ನೆನಪಿನಲ್ಲಿ ಯಾವುದು ಮೊದಲು ಎಂಬ ಪಟ್ಟಿ. ಉಬುಂಟು ಅಳಿಸಿದರೂ ಆ ಫೋಲ್ಡರ್, ಆ ಹೆಸರು ಹಾಗೇ ಉಳಿಯುತ್ತವೆ. ಆದ್ದರಿಂದ ಮೊದಲು ಯುಇಎಫ್ಐ ಸೆಟ್ಟಿಂಗ್ಸಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ರೀಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಅಳಿಸುವುದು ಜಾಣತನ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಇಂಥ ಬದಲಾವಣೆ ಕಂಡರೆ ಅದು ಅನುಮಾನಪಟ್ಟು ಕೇಳಬಹುದು.

ನನ್ನ ಮಟ್ಟಿಗೆ ಹೆಚ್ಚು ಅಪಾಯದ್ದು ಎರಡು ವಿಂಡೋಸ್‌ಗಳ ಸಂಸಾರ. ಹಳೆಯದರ ಪಕ್ಕದಲ್ಲಿ ಹೊಸದನ್ನು ಹಾಕಿದಾಗ, ಎರಡನ್ನೂ ಎಬ್ಬಿಸುವ ಫೈಲುಗಳು ಬಹುತೇಕ ಹಳೆಯದರ ಡಿಸ್ಕಿನಲ್ಲೇ ಇರುತ್ತವೆ. ಹಳೆಯದು ತಾನೇ ಎಂದು ಆ ಡಿಸ್ಕ್ ಪೂರ್ತಿ ಒರೆಸಿದರೆ ಹೊಸದೂ ಮಲಗಿತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಸಿಸ್ಟಮ್’ ಎಂಬ ಗುರುತು ಯಾವ ಪಾರ್ಟಿಷನ್ ಮೇಲಿದೆ ನೋಡಿ, ಅದನ್ನು ಮುಟ್ಟಬೇಡಿ.

ಖಾಲಿಯಾದ ಜಾಗ ತಾನಾಗಿ ಸಿ ಡ್ರೈವಿಗೆ ಸೇರುವುದಿಲ್ಲ. ಅದು ಸಿ ಡ್ರೈವಿನ ಬಲಕ್ಕೆ ತಾಗಿಕೊಂಡೇ ಇರಬೇಕು; ನಡುವೆ ರಿಕವರಿ ಪಾರ್ಟಿಷನ್ ಇದ್ದರೆ ‘ಎಕ್ಸ್‌ಟೆಂಡ್’ ಆಯ್ಕೆ ಮಂಕಾಗಿರುತ್ತದೆ. ಇನ್ನು, ಉಬುಂಟುವಿನಲ್ಲಿ ಹಳೆಯ ಫೋಟೋ ಇತ್ತೆಂದು ತಡವಾಗಿ ನೆನಪಾದರೆ ಆ ಜಾಗಕ್ಕೆ ಏನನ್ನೂ ಬರೆಯಬೇಡಿ. ಅಳಿಸಿದ್ದು ಪಾರ್ಟಿಷನ್ ಪಟ್ಟಿಯ ನಮೂದನ್ನು ಮಾತ್ರ. ಟೆಸ್ಟ್‌ಡಿಸ್ಕ್‌ನಂಥ ಉಚಿತ ಪ್ರೋಗ್ರಾಮು ಡಿಸ್ಕ್ ಜಾಲಾಡಿ ಹಳೆಯ ಪಾರ್ಟಿಷನ್ ಪತ್ತೆಹಚ್ಚಬಲ್ಲದು. ಎಸ್‌ಎಸ್‌ಡಿಯಾಗಿದ್ದು, ಜಾಗವನ್ನು ಆಗಲೇ ಫಾರ್ಮ್ಯಾಟ್ ಮಾಡಿದ್ದರೆ ಆಸೆ ಬಿಡುವುದೇ ವಾಸಿ. ಫಾರ್ಮ್ಯಾಟ್ ಜೊತೆ ಹೋಗುವ ಟ್ರಿಮ್ ಆಜ್ಞೆ ಸಿಕ್ಕ ಡ್ರೈವ್ ಹಳೆಯದನ್ನು ತಾನೇ ಒರೆಸಿ ಹಾಕುತ್ತದೆ.