ಇಟ್ಟಮಡುವಿನಿಂದ ಚೆನ್ನೈ ಎಷ್ಟು ದೂರ?

ಬೆಂಗಳೂರು–ಚೆನ್ನೈ ವಿಮಾನ ಗಾಳಿಯಲ್ಲಿರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ನೀರಿನ ಬಾಟಲಿ ಹಂಚುತ್ತ ಬಂದ ಪರಿಚಾರಿಕೆ ಕೊನೆಯ ಸಾಲು ಮುಟ್ಟುವುದಕ್ಕೂ ಇಳಿಯಲು ಸಿದ್ಧರಾಗಿ ಎಂಬ ಘೋಷಣೆ ಆಗುವುದಕ್ಕೂ ಸರಿಹೋಗುತ್ತದೆ. ಬೆಂಗಳೂರಿನ ದಕ್ಷಿಣ ಭಾಗದ ಇಟ್ಟಮಡುವಿನ ಮನೆ ಬಿಟ್ಟು ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಲು ಮಾತ್ರ ಅದರ ಎರಡರಷ್ಟಕ್ಕೂ ಹೆಚ್ಚು ಹೊತ್ತು ಬೇಕು. ಸಂಜೆ ಮಳೆ ಬಿತ್ತೋ, ಮೂರರಷ್ಟು. ಕತ್ರಿಗುಪ್ಪೆ, ಬನಶಂಕರಿ, ಜಯನಗರ ದಾಟಿ ಊರಿನ ಹೊಟ್ಟೆಯನ್ನು ಸೀಳಿಕೊಂಡು ಹೆಬ್ಬಾಳಕ್ಕೆ ಬರುವಷ್ಟರಲ್ಲಿ, ಅದೇ ಹೊತ್ತಿಗೆ ಹೊಸೂರು ರಸ್ತೆ ಹಿಡಿದ ನೆಂಟರು ಕೃಷ್ಣಗಿರಿಯ ಹತ್ತಿರ ಕಾಫಿ ಕುಡಿಯುತ್ತಿರುತ್ತಾರೆ.

ಎರಡು ರಾಜಧಾನಿಗಳ ನಡುವಿನ ಅಂತರವನ್ನು ನಾವು ಸಾಮಾನ್ಯವಾಗಿ ಒಂದೇ ಸಂಖ್ಯೆಯಲ್ಲಿ ಹೇಳಿ ಮುಗಿಸುತ್ತೇವೆ: ಮುನ್ನೂರೈವತ್ತು ಕಿಲೋಮೀಟರು. ಹೊರಡುವವರ ಮನೆ ಯಾವ ಬಡಾವಣೆಯಲ್ಲಿದೆ ಎಂದು ಆ ಸಂಖ್ಯೆ ಕೇಳುವುದಿಲ್ಲ. ನೂರರವತ್ತು ವರ್ಷಗಳಿಂದ ರೈಲು, ರಸ್ತೆ, ವಿಮಾನ ಸರದಿಯ ಮೇಲೆ ನಡುವಿನ ದಾರಿಯನ್ನು ಕುಗ್ಗಿಸುತ್ತ ಬಂದಿವೆ. ಈಚಿನ ಎರಡು ದಶಕಗಳಲ್ಲಿ ಬೆಂಗಳೂರಿನ ತುದಿ ಮಾತ್ರ ಹಿಗ್ಗುತ್ತ ಹೋಗಿದೆ.

2008ರ ಮೇ 24ಕ್ಕೆ ಮೊದಲು ಹೀಗಿರಲಿಲ್ಲ. ಆಗ ವಿಮಾನ ಹತ್ತಬೇಕಾದರೆ ಎಚ್‌ಎಎಲ್. ಹೊರವರ್ತುಲ ರಸ್ತೆ ಹಿಡಿದು ಸಿಲ್ಕ್ ಬೋರ್ಡ್ ದಾಟಿ ದೊಮ್ಮಲೂರಿನ ಕಡೆ ಹೊರಳಿಕೊಂಡರೆ ಆಯಿತು. ನಿಲ್ದಾಣ ದೇವನಹಳ್ಳಿಗೆ ಹೋದದ್ದರಿಂದ ಉತ್ತರದ ಹೆಬ್ಬಾಳ, ಯಲಹಂಕದವರಿಗೆ ಚೆನ್ನೈ ಹತ್ತಿರವಾಯಿತು, ದಕ್ಷಿಣದವರಿಗೆ ದೂರವಾಯಿತು. ಚೆನ್ನೈನವರಿಗೆ ಈ ತಾಪತ್ರಯವಿಲ್ಲ. ಅವರ ಮೀನಂಬಾಕ್ಕಂ ಇನ್ನೂ ಊರೊಳಗೇ ಇದೆ, 2016ರ ಸೆಪ್ಟೆಂಬರಿನಿಂದ ನಿಲ್ದಾಣದ ಬಾಗಿಲಿಗೇ ಮೆಟ್ರೊ ಬರುತ್ತದೆ.

ಮದ್ರಾಸಿಗೆ ವಿಮಾನದ ನಂಟು ಮೊದಲು ಬೆಳೆದದ್ದೂ ಬೆಂಗಳೂರಿನ ಮೂಲಕವಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಕಂಪನಿಯ ಅಂಚೆ ವಿಮಾನ ಕರಾಚಿಯಿಂದ ಮುಂಬಯಿ ದಾಟಿ ಮದ್ರಾಸಿಗೆ ಹೋಗುವಾಗ ಕನ್ನಡ ನೆಲದಲ್ಲಿ ಇಳಿದದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಅಲ್ಲಿನ ಕನ್ನಡಿಗರಿಗೆ 1953ರ ತನಕ, ಮಂಗಳೂರು ಕೊಳ್ಳೇಗಾಲದವರಿಗೆ 1956ರ ತನಕ, ಚೆನ್ನೈ ನೆರೆಯ ರಾಜಧಾನಿಯಲ್ಲ, ತಮ್ಮದೇ ರಾಜಧಾನಿ.

ರೈಲಿನ ಕಥೆ ಇನ್ನೂ ಹಳೆಯದು. ದಕ್ಷಿಣ ಭಾರತದ ಮೊದಲ ರೈಲು ಮದ್ರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ ಹೊರಟದ್ದು 1856ರ ಜುಲೈ 1ರಂದು. ಅದೇ ಮಾರ್ಗ ಮುಂದುವರಿದು, ಜೋಲಾರ್‌ಪೇಟೆಯಲ್ಲಿ ಕವಲೊಡೆದು, 1864ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಬಂದದ್ದು ದಂಡು ಪ್ರದೇಶಕ್ಕೆ, ಪೇಟೆಗಲ್ಲ. ಪೇಟೆಯಲ್ಲಿದ್ದವರು ಮದ್ರಾಸಿಗೆ ಹೋಗಬೇಕಾದರೆ ಮೊದಲು ದಂಡಿಗೆ ಜಟಕಾ ಕಟ್ಟಿಸಬೇಕಿತ್ತು. ಊರಿನ ದಕ್ಷಿಣದವರು ಊರಿನ ಆಚೆ ತುದಿಗೆ ಹೋಗಿ ಪ್ರಯಾಣ ಶುರುಮಾಡುವ ಪದ್ಧತಿಗೆ ಹೀಗೆ ದೊಡ್ಡ ಇತಿಹಾಸವೇ ಇದೆ. ಮದ್ರಾಸಿನಿಂದ ಬಂದದ್ದು ಬ್ರಾಡ್‌ಗೇಜ್, ಆಮೇಲೆ ಮೈಸೂರಿಗೆ ಹಾಕಿದ್ದು ಮೀಟರ್‌ಗೇಜ್. ಮೈಸೂರಿನವರು ಬೆಂಗಳೂರಿನಲ್ಲಿ ಇಳಿದು, ಹಾಸಿಗೆ ಸುರುಳಿ ಹೊತ್ತು, ಬೇರೆ ಗಾಡಿ ಹಿಡಿಯುವ ಪರಿಪಾಠ ನೂರಕ್ಕೂ ಹೆಚ್ಚು ವರ್ಷ ನಡೆಯಿತು.

ಆ ಹಳಿಯ ಮೇಲೆ ಓಡಾಡಿದವರಲ್ಲಿ ಕನ್ನಡ ಚಿತ್ರರಂಗದವರಷ್ಟು ಸವೆದವರು ಬೇರಿಲ್ಲ. 1950, 60ರ ದಶಕಗಳಲ್ಲಿ ಕನ್ನಡ ಸಿನಿಮಾ ಅಂದರೆ ಮದ್ರಾಸಿನ ಸ್ಟುಡಿಯೊ, ಅಲ್ಲಿನ ಲ್ಯಾಬು, ಅಲ್ಲಿನ ಧ್ವನಿಮುದ್ರಣ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಅಲ್ಲೇ ಮನೆ ಮಾಡಿದ್ದರು. ಕತೆ ಇಲ್ಲಿಯದು, ಪ್ರೇಕ್ಷಕ ಇಲ್ಲಿಯವನು, ಡಬ್ಬಿಯಲ್ಲಿ ತುಂಬಿದ ಚಿತ್ರ ಮಾತ್ರ ಅಲ್ಲಿಂದ ರೈಲಿನಲ್ಲಿ ಬರಬೇಕು. 1966ರಲ್ಲಿ ಕಂಠೀರವ ಸ್ಟುಡಿಯೊ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಉದ್ಯಮ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂತು. ಇಟ್ಟಮಡುವಿಗೆ ಹತ್ತಿರದ ಚಿಕ್ಕಲ್ಲಸಂದ್ರದಲ್ಲಿರುವ ಅಬ್ಬಯ್ಯ ನಾಯ್ಡು ಸ್ಟುಡಿಯೊ ಕೂಡ ಕನ್ನಡ ನೆಲದ ಸ್ಟುಡಿಯೊಗಳ ಸಾಲಿನದೇ.

1964ರ ಜುಲೈ 1ರಂದು ಬೃಂದಾವನ ಎಕ್ಸ್‌ಪ್ರೆಸ್ ಬಂದ ಮೇಲೆ ಹಗಲು ಪ್ರಯಾಣಕ್ಕೆ ಒಂದು ಗತ್ತು ಬಂತು. ಆಮೇಲೆ ಲಾಲ್‌ಬಾಗ್, ಶತಾಬ್ದಿ, ಡಬಲ್ ಡೆಕ್ಕರ್. ಈ ಗಾಡಿಗಳಲ್ಲಿ ಕೂತು ನೋಡಿದರೆ ಎಲ್ಲರೂ ಚೆನ್ನೈಗೇ ಹೊರಟವರಲ್ಲ ಎಂಬುದು ಕಾಟ್ಪಾಡಿಯಲ್ಲಿ ಗೊತ್ತಾಗುತ್ತದೆ. ಎಕ್ಸ್‌ರೇ ಕವರನ್ನು ಮಡಚದಂತೆ ಎದೆಗೊತ್ತಿ ಹಿಡಿದ ಮಗ, ಕುತ್ತಿಗೆಗೆ ಮಫ್ಲರ್ ಸುತ್ತಿದ ಅಪ್ಪ, ಫ್ಲಾಸ್ಕು ಮತ್ತು ಬಿಸ್ಕೆಟ್ಟಿನ ಚೀಲ ಹಿಡಿದ ಅಮ್ಮ ಮೆಟ್ಟಿಲಿನ ಹತ್ತಿರ ಮೊದಲೇ ಬಂದು ನಿಂತಿರುತ್ತಾರೆ. ಅವರ ದಾರಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ. ರೈಲು ನಿಲ್ಲುವುದು ಒಂದೆರಡು ನಿಮಿಷ. ಹಿಂದಿನವರು ಆತುರಪಡಿಸಿದರೂ ಅಪ್ಪ ಕಂಬಿ ಹಿಡಿದು ಒಂದೊಂದೇ ಕಾಲು ಇಡುತ್ತಾರೆ. ಅವರು ಬಿಟ್ಟ ಸೀಟಿನಲ್ಲಿ ಸಂಜೆ ಚೆನ್ನೈನ ಮನೆ ಸೇರಬೇಕಾದವರು ಬಂದು ಕೂರುತ್ತಾರೆ.

2022ರ ನವೆಂಬರ್ 11ರಂದು ಒಂದು ತಮಾಷೆ ನಡೆಯಿತು. ಪ್ರಧಾನಿ ನರೇಂದ್ರ ಮೋದಿ ಒಂದೇ ದಿನ ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲನ್ನೂ, ಚೆನ್ನೈ–ಮೈಸೂರು ವಂದೇ ಭಾರತ್ ರೈಲನ್ನೂ ಉದ್ಘಾಟಿಸಿದರು. ಪೈಪೋಟಿಯ ಎರಡೂ ಕುದುರೆಗಳಿಗೆ ಒಬ್ಬರೇ ಬಾವುಟ ತೋರಿಸಿದಂತೆ. ಗೆದ್ದದ್ದು ಯಾರು? ಇಟ್ಟಮಡುವಿನ ಲೆಕ್ಕ ಹಾಕಿ ನೋಡೋಣ. ಬನಶಂಕರಿವರೆಗೆ ಬಸ್ಸು ಅಥವಾ ಆಟೊ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್, ಸೇತುವೆ ದಾಟಿದರೆ ಪ್ಲಾಟ್‌ಫಾರಂ: ಒಂದು ಗಂಟೆ. ವಂದೇ ಭಾರತ್ ಚೆನ್ನೈ ಸೆಂಟ್ರಲ್ ಮುಟ್ಟಲು ಸುಮಾರು ನಾಲ್ಕೂವರೆ ಗಂಟೆ. ಒಟ್ಟು ಐದೂವರೆ. ವಿಮಾನಕ್ಕೆ? ದೇವನಹಳ್ಳಿಗೆ ಎರಡು ಗಂಟೆ, ತಪಾಸಣೆ ಕಾಯುವಿಕೆಗೆ ಒಂದೂವರೆ, ಬಾಗಿಲು ಮುಚ್ಚಿ ತೆರೆಯುವ ತನಕ ಒಂದು, ಬ್ಯಾಗು ಬಂದು ಮೆಟ್ರೊ ಹತ್ತಿ ಊರೊಳಗೆ ಸೇರಲು ಇನ್ನೊಂದು. ಅಲ್ಲಿಗೂ ಐದೂವರೆ. ಅಷ್ಟು ದುಡ್ಡು ಸುರಿದು ಸಿಕ್ಕಿದ್ದು ಕಿಟಕಿಯಿಂದ ಕಂಡ ಒಂದಿಷ್ಟು ಮೋಡ. ಚೆನ್ನೈನಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಾದವರನ್ನು ಬಿಟ್ಟರೆ ನಮ್ಮ ಕಡೆಯವರು ಯಾಕೆ ಇದಕ್ಕೆ ಹೋಗಬೇಕೋ ನನಗಂತೂ ತಿಳಿಯದು.

ರಸ್ತೆಯಲ್ಲಿ ದಕ್ಷಿಣದವರದೇ ಮೇಲುಗೈ. ಹೊಸಕೆರೆಹಳ್ಳಿಯ ಪಿಇಎಸ್ ಕಾಲೇಜಿನ ಪಕ್ಕದಲ್ಲೇ ನೈಸ್ ಲಿಂಕ್ ರಸ್ತೆ ಹತ್ತಿದರೆ ಸಿಗ್ನಲ್ಲಿನ ಗೊಡವೆಯಿಲ್ಲದೆ ಎಲೆಕ್ಟ್ರಾನಿಕ್ ಸಿಟಿ, ಅಲ್ಲಿಂದ ಅತ್ತಿಬೆಲೆ, ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು. ಟೋಲು ಕೊಟ್ಟು ಕೊಟ್ಟು ಫಾಸ್ಟ್ಯಾಗ್ ಬರಿದಾಗುತ್ತದೆ, ಅದು ಬೇರೆ ಮಾತು. ಕೊನೆಗೆ ಸಿಗುವ ಶ್ರೀಪೆರುಂಬುದೂರಿನಲ್ಲಿ ಈಗ ಕಾರು, ಮೊಬೈಲು ಕಾರ್ಖಾನೆಗಳ ಸಾಲು. ಅದು ರಾಮಾನುಜಾಚಾರ್ಯರು ಹುಟ್ಟಿದ ಊರು ಎಂಬುದು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಮೇಲುಕೋಟೆಗೂ ಈ ಹೆದ್ದಾರಿಗೂ ಅವರ ಮೂಲಕ ಒಂದು ಹಳೆಯ ಸಂಬಂಧವಿದೆ.

ಈ ದಾರಿ ಆಗಾಗ ಮುಚ್ಚಿಕೊಳ್ಳುವುದೂ ಉಂಟು. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ತಮಿಳುನಾಡಿನ ಕೆಪಿಎನ್ ಸಂಸ್ಥೆಯ 40ಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಕರಕಲಾದದ್ದು ಮೈಸೂರು ರಸ್ತೆ ಕಡೆಯ ಡಿಸೋಜಾ ನಗರದಲ್ಲಿ. ಇಟ್ಟಮಡುವಿನಿಂದ ಹೊಸಕೆರೆಹಳ್ಳಿ ದಾಟಿದರೆ ಹೆಚ್ಚು ದೂರವಿಲ್ಲ. ಎರಡೂ ರಾಜ್ಯಗಳ ಬಸ್ಸುಗಳು ಗಡಿಯಲ್ಲೇ ನಿಂತವು. ಜನ ಸೂಟ್‌ಕೇಸು ಎಳೆದುಕೊಂಡು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಗಡಿಯಾಚೆಯ ಜೂಜುವಾಡಿಯಿಂದ ಅತ್ತಿಬೆಲೆಗೆ, ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದರು. ಎರಡು ಕಡೆಗೂ ಹೋಗುವವರಲ್ಲಿ ಎರಡೂ ಭಾಷೆಯವರಿದ್ದರು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಮಾತಾಡುವವರು ನಮ್ಮ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೀದಿಗೊಬ್ಬರಾದರೂ ಇದ್ದಾರೆ.

ಈಚಿನ ವರ್ಷಗಳಲ್ಲಿ ಈ ದಾರಿಗೆ ಜನರನ್ನು ತಳ್ಳಿದ ಇನ್ನೊಂದು ಕಾರಣ ಅಮೆರಿಕದ ವೀಸಾ. ಮಗಳ ಬಾಣಂತನಕ್ಕೆ ಹೊರಟ ಅಜ್ಜ ಅಜ್ಜಿಯರು ಅಣ್ಣಾ ಸಾಲೈನ ಕಾನ್ಸುಲೇಟಿನ ಮುಂದೆ ಸಾಲು ನಿಲ್ಲಲು ಹಿಂದಿನ ರಾತ್ರಿಯೇ ಹೊರಡಬೇಕಿತ್ತು. 2025ರ ಜನವರಿ 17ರಂದು ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ವೀಸಾ ಕೊಡುವ ಕೆಲಸ ಮಾತ್ರ ಅಂದೇ ಶುರುವಾಗಲಿಲ್ಲ.

ಮುಂದೇನು? ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಗಿ, ಕರ್ನಾಟಕದ ಸುಮಾರು 71 ಕಿ.ಮೀ. ಭಾಗ ಮೊದಲೇ ಸಿದ್ಧವಾಯಿತು. ಅದು ಶುರುವಾಗುವುದು ಹೊಸಕೋಟೆಯಲ್ಲಿ, ಅಂದರೆ ನಮಗೆ ಮತ್ತೆ ಊರಿನ ಆಚೆ ತುದಿ. ಎರಡನೇ ವಿಮಾನ ನಿಲ್ದಾಣಕ್ಕೆ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿ.ಮೀ. ಒಳಗೆ ಪೈಪೋಟಿಯ ನಿಲ್ದಾಣ ತೆರೆಯುವಂತಿಲ್ಲ. ತಮಿಳುನಾಡು ಹೊಸೂರಿನಲ್ಲಿ ಕಟ್ಟುತ್ತೇನೆಂದು 2024ರಲ್ಲಿ ಘೋಷಿಸಿದ ನಿಲ್ದಾಣಕ್ಕೂ ಇದೇ ಒಪ್ಪಂದ ಅಡ್ಡ.

ಉಳಿದದ್ದು ಮೆಟ್ರೊ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದಿಂದಾಗಿ ಬನಶಂಕರಿಯಲ್ಲಿ ಹತ್ತಿ, ಮುಂದಿನ ಆರ್.ವಿ. ರಸ್ತೆಯಲ್ಲಿ ಬದಲಿಸಿ, ಬೊಮ್ಮಸಂದ್ರದವರೆಗೆ ಸಿಗ್ನಲ್ಲಿಲ್ಲದೆ ಹೋಗಬಹುದು. ಅಲ್ಲಿಂದ ಹೊಸೂರಿಗೆ ಮೆಟ್ರೊ ಎಳೆಯಬೇಕೆಂಬ ಪ್ರಸ್ತಾವ ಬಹಳ ಕಾಲದಿಂದಿದೆ. ತೊಡಕು ಏನೆಂದರೆ ನಮ್ಮ ಮೆಟ್ರೊಗೆ 750 ವೋಲ್ಟ್ ವಿದ್ಯುತ್ತು ನೆಲದ ಮೇಲಿನ ಮೂರನೇ ಹಳಿಯಿಂದ ಬರುತ್ತದೆ, ಗಡಿಯಾಚೆಯ ಭಾಗ ಯೋಜಿಸುವ ಚೆನ್ನೈ ಮೆಟ್ರೊದವರದು ತಲೆಯ ಮೇಲಿನ 25,000 ವೋಲ್ಟಿನ ತಂತಿಯಿಂದ. ಎರಡೂ ವ್ಯವಸ್ಥೆಗಳು ಗಡಿಯಲ್ಲಿ ಕೂಡಬೇಕಾದರೆ ಪ್ರಯಾಣಿಕರು ನಡುವೆ ಇಳಿದು ಗಾಡಿ ಬದಲಿಸಬೇಕು. ಸದ್ಯಕ್ಕೆ ಬೊಮ್ಮಸಂದ್ರದಲ್ಲಿ ಇಳಿದವರನ್ನು ಹೊಸೂರಿಗೆ ಕರೆದೊಯ್ಯುವುದು ಕೆಳಗಿನ ಹೆದ್ದಾರಿಯ ಬಸ್ಸೇ.